ವೆನಿಸ್: ಹೋಟೆಲಿನಿಂದ ವಿಮಾನ ನಿಲ್ದಾಣಕ್ಕೆ ಖಾಸಗಿ ಸಾರಿಗೆ

ಇಟಲಿಯ ಈಶಾನ್ಯದಲ್ಲಿರುವ ವೆನಿಸ್ ನಗರದಲ್ಲಿ ತಂಗಿದವರನ್ನು ಹೋಟೆಲಿನಲ್ಲಿ ಅಥವಾ ಅದರ ಹತ್ತಿರದ ಕಟ್ಟೆಯಲ್ಲಿ ಹತ್ತಿಸಿಕೊಂಡು, ಟೆಸ್ಸೆರಾದ ಮಾರ್ಕೊ ಪೋಲೊ ವಿಮಾನ ನಿಲ್ದಾಣಕ್ಕೆ ತಲುಪಿಸಲು ಮುಂಗಡವಾಗಿ ಗೊತ್ತುಮಾಡುವ ಬಾಡಿಗೆ ಸಾರಿಗೆ. ಹೆಚ್ಚಾಗಿ ಇದು ಮೋಟಾರು ದೋಣಿ. ದೋಣಿ ಬೇಡವೆನ್ನುವವರು ನಡೆದೋ ಸಾರ್ವಜನಿಕ ದೋಣಿಯಲ್ಲೋ ನಗರದ ಪಶ್ಚಿಮದ ಅಂಚಿಗೆ ಬಂದು ಅಲ್ಲಿಂದ ಕಾರು ಹಿಡಿಯುತ್ತಾರೆ. ದೂರ ಹೆಚ್ಚೇನಿಲ್ಲ. ನಗರದಂಚಿನ ಪಿಯಾತ್ಸಾಲೆ ರೋಮಾ ಚೌಕದಿಂದ ರಸ್ತೆಯಲ್ಲಿ ಸುಮಾರು 13 ಕಿ.ಮೀ.; ನೀರಿನ ಮೇಲೆ ಇನ್ನೂ ಕಡಿಮೆ. ಆದರೂ ಊರು ಬಿಡುವ ದಿನ ಪ್ರವಾಸಿಗರು ಗಾಬರಿಗೊಳ್ಳುವುದು ಈ ಸಣ್ಣ ಪ್ರಯಾಣದಲ್ಲೇ. ತೊಡಕೆಲ್ಲ ಇರುವುದು ಹೋಟೆಲಿನ ಹೊಸ್ತಿಲಿನಿಂದ ವಾಹನದವರೆಗಿನ ಮೊದಲ ಇನ್ನೂರು ಮುನ್ನೂರು ಮೀಟರುಗಳಲ್ಲಿ.

ಊರಿನ ರಚನೆ

ಏಡ್ರಿಯಾಟಿಕ್ ಸಮುದ್ರದಿಂದ ಉದ್ದನೆಯ ಮರಳದಿಣ್ಣೆಗಳು ಬೇರ್ಪಡಿಸಿರುವ ಆಳವಿಲ್ಲದ ಉಪ್ಪುನೀರಿನ ಹರವನ್ನು ಲಗೂನ್ ಎನ್ನುತ್ತಾರೆ. ವಿಸ್ತಾರ ಸುಮಾರು 550 ಚ.ಕಿ.ಮೀ. ಅದರ ನಡುವೆ ನೂರಕ್ಕೂ ಹೆಚ್ಚು ಪುಟ್ಟ ದ್ವೀಪಗಳನ್ನು ನಾನೂರಕ್ಕೂ ಮಿಕ್ಕಿದ ಸೇತುವೆಗಳು ಹೆಣೆದು ವೆನಿಸ್ ಆಗಿದೆ. ಹಳೆಯ ನಗರದೊಳಗೆ ಕಾರಿಲ್ಲ, ಆಟೋ ಇಲ್ಲ, ಸೈಕಲ್ ತುಳಿಯಲೂ ಅನುಮತಿಯಿಲ್ಲ. 1846ರಲ್ಲಿ ರೈಲು ಸೇತುವೆ ಬರುವವರೆಗೆ ನೆಲದ ದಾರಿಯೇ ಇರಲಿಲ್ಲ. ಅದರ ಮಗ್ಗುಲಲ್ಲಿ ಎಂಜಿನಿಯರ್ ಎವುಜೆನಿಯೊ ಮಿಯೋತ್ಸಿ ರೂಪಿಸಿದ ರಸ್ತೆ ಸೇತುವೆ 1933ರಲ್ಲಿ ತೆರೆಯಿತು. ಯುದ್ಧಾನಂತರ ಅದಕ್ಕೆ ಪೊಂಟೆ ದೆಲ್ಲಾ ಲಿಬರ್ತಾ ಎಂಬ ಹೆಸರು ಬಂತು. ಆ ಸೇತುವೆ ದಾಟಿ ಬರುವ ಬಸ್ಸು, ಕಾರು, ಟ್ಯಾಕ್ಸಿಗಳೆಲ್ಲ ಪಿಯಾತ್ಸಾಲೆ ರೋಮಾದಲ್ಲೋ ಪಕ್ಕದ ಟ್ರೊಂಕೆತ್ತೊ ದ್ವೀಪದ ವಾಹನ ನಿಲ್ದಾಣದಲ್ಲೋ ನಿಲ್ಲಲೇಬೇಕು. ಮುಂದೆ ಕಾಲು, ಇಲ್ಲವೇ ನೀರು.

ನಗರದ ಸೇತುವೆಗಳಲ್ಲಿ ಬಹುಪಾಲು ಕಮಾನಿನವು, ಎರಡೂ ಕಡೆ ಮೆಟ್ಟಿಲಿನವು. ಇಪ್ಪತ್ತಮೂರು ಕಿಲೋ ತೂಗುವ ಸೂಟ್‌ಕೇಸನ್ನು ಅಂಥ ಎರಡು ಸೇತುವೆ ಹತ್ತಿಸಿ ಇಳಿಸಿದವರಿಗೆ ಬಾಡಿಗೆ ದೋಣಿಯ ದರ ಅಷ್ಟೇನೂ ದುಬಾರಿ ಎನ್ನಿಸುವುದಿಲ್ಲ. ತಿರುಗಿ ಹಾಕಿದ ಇಂಗ್ಲಿಷಿನ ಎಸ್ ಅಕ್ಷರದಂತೆ ನಗರವನ್ನು ಸೀಳುವ ಕನಾಲ್ ಗ್ರಾಂಡೆಯ ಉದ್ದ ಸುಮಾರು 3.8 ಕಿ.ಮೀ.; ಅದನ್ನು ದಾಟಲು ಇರುವುದು ನಾಲ್ಕೇ ಸೇತುವೆ. ರಿಯಾಲ್ಟೊ, ಅಕಾದೆಮಿಯಾ, ಸ್ಕಾಲ್ತ್ಸಿ ಮತ್ತು 2008ರಲ್ಲಿ ಸೇರಿದ, ಸ್ಪೇನಿನ ವಾಸ್ತುಶಿಲ್ಪಿ ಸಾಂಟಿಯಾಗೊ ಕಲಾತ್ರಾವ ರೂಪಿಸಿದ ಸೇತುವೆ.

ವಿಳಾಸವೂ ಪರೀಕ್ಷೆಯೇ. ಇಲ್ಲಿ ಮನೆ ನಂಬರನ್ನು ಬೀದಿಗೆ ಕೊಟ್ಟಿಲ್ಲ, ಬಡಾವಣೆಗೆ ಕೊಟ್ಟಿದ್ದಾರೆ. ಸೆಸ್ತಿಯೆರೆ ಎನ್ನುವ ಆರು ಬಡಾವಣೆಗಳಿವೆ: ಕನ್ನರೆಜೊ, ಕಾಸ್ತೆಲ್ಲೊ, ಸಾನ್ ಮಾರ್ಕೊ, ದೊರ್ಸೊದೂರೊ, ಸಾನ್ ಪೋಲೊ, ಸಾಂತಾ ಕ್ರೋಚೆ. ಬಡಾವಣೆಯ ಹೆಸರು, ನಾಲ್ಕಂಕಿಯ ಸಂಖ್ಯೆ ಇಷ್ಟನ್ನೇ ದೋಣಿಯವರಿಗೆ ಹೇಳಿದರೆ ಸಾಲದು. ಹೋಟೆಲಿನ ಹೆಸರು, ಅದರ ಪಕ್ಕದ ಕಾಲುವೆಯ ಹೆಸರು, ದೋಣಿ ನಿಲ್ಲುವ ಕಟ್ಟೆ ಯಾವುದು ಎಂಬುದನ್ನೂ ಹೇಳಬೇಕು. ಸಣ್ಣ ಕಾಲುವೆಗೆ ರಿಯೊ ಎಂದೂ, ಕಾಲುವೆ ದಂಡೆಯ ಕಲ್ಲುಹಾಸಿನ ದಾರಿಗೆ ಫೊಂದಮೆಂತಾ ಎಂದೂ, ಗಲ್ಲಿಗೆ ಕಾಲ್ಲೆ ಎಂದೂ ಹೆಸರು. ಈ ಮೂರು ಪದ ತಿಳಿದಿದ್ದರೆ ಹೋಟೆಲಿನವರು ಹೇಳುವ ಗುರುತು ಅರ್ಥವಾಗುತ್ತದೆ.

ವಿಮಾನ ನಿಲ್ದಾಣ

ನಗರದ ಮೊದಲ ವಿಮಾನ ನಿಲ್ದಾಣ ಲೀದೊ ದ್ವೀಪದಲ್ಲಿತ್ತು. ನಿಚೆಲ್ಲಿ ಎಂಬ ಆ ಹುಲ್ಲುಮೈದಾನದಲ್ಲಿ ಈಗ ಸಣ್ಣ ವಿಮಾನಗಳಷ್ಟೇ ಇಳಿಯುತ್ತವೆ. ದೊಡ್ಡ ವಿಮಾನಗಳಿಗಾಗಿ ಲಗೂನಿನ ಉತ್ತರ ದಂಡೆಯ ಟೆಸ್ಸೆರಾದಲ್ಲಿ 1961ರಲ್ಲಿ ಹೊಸ ನಿಲ್ದಾಣ ತೆರೆಯಿತು. ಈಗಿನ ಟರ್ಮಿನಲ್ 2002ರದು. ಹೆಸರು ಹದಿಮೂರನೆಯ ಶತಮಾನದ ವೆನಿಸ್ಸಿನ ವರ್ತಕ ಮಾರ್ಕೊ ಪೋಲೊನದು. ಕನ್ನಡ ಓದುಗರಿಗೆ ಇನ್ನೊಬ್ಬ ಯಾತ್ರಿಕನ ಹೆಸರನ್ನೂ ಇಲ್ಲಿ ನೆನಪಿಸಬೇಕು. ಇದೇ ಲಗೂನಿನ ದಕ್ಷಿಣ ತುದಿಯ ಕಿಯೊಜಾ ಊರಿನ ನಿಕೊಲೊ ದೆ ಕೊಂತಿ ಹದಿನೈದನೆಯ ಶತಮಾನದ ಆರಂಭದಲ್ಲಿ ವಿಜಯನಗರವನ್ನು ಕಂಡು ಅದರ ವರ್ಣನೆ ಬಿಟ್ಟುಹೋದವನು.

ಟರ್ಮಿನಲಿಗೂ ದೋಣಿ ದಕ್ಕೆಗೂ ಮಧ್ಯೆ ಏಳೆಂಟು ನಿಮಿಷದ ನಡಿಗೆ. ಸೂರಿದೆ, ಚಲಿಸುವ ಪಟ್ಟಿಯೂ ಇದೆ. ದಕ್ಕೆಗೆ ಇಲ್ಲಿ ದಾರ್ಸೆನಾ ಎನ್ನುತ್ತಾರೆ. ದೋಣಿ ದಕ್ಕೆ ಮುಟ್ಟಿದ ಹೊತ್ತನ್ನೇ ನಿಲ್ದಾಣ ಮುಟ್ಟಿದ ಹೊತ್ತೆಂದು ಲೆಕ್ಕ ಹಾಕಬಾರದು.

ಕಡಿಮೆ ದರದ ಕೆಲವು ವಿಮಾನಗಳು ವೆನಿಸ್ ಎಂದು ಹೇಳಿಕೊಂಡೇ ಟ್ರೆವಿಸೊ ಪಟ್ಟಣದ ನಿಲ್ದಾಣದಿಂದ ಹಾರುತ್ತವೆ. ಅಲ್ಲಿಗೆ ರಸ್ತೆಯಲ್ಲೇ ಹೋಗಬೇಕು, ಪಿಯಾತ್ಸಾಲೆ ರೋಮಾದಿಂದ ಒಂದು ಗಂಟೆಯಾದರೂ ಇಟ್ಟುಕೊಳ್ಳಬೇಕು. ಟಿಕೆಟ್ಟಿನ ಮೇಲೆ ವಿಸಿಇ ಎಂದಿದ್ದರೆ ಮಾರ್ಕೊ ಪೋಲೊ, ಟಿಎಸ್‌ಎಫ್ ಎಂದಿದ್ದರೆ ಟ್ರೆವಿಸೊ.

ನೀರಿನ ಟ್ಯಾಕ್ಸಿ

ವೆನಿಸ್ಸಿನ ಬಾಡಿಗೆ ದೋಣಿ ನೋಡಲು ಚೆಂದ. ವಾರ್ನಿಷ್ ಹೊಳೆಯುವ ಮರದ ಒಡಲು, ಮುಂದೆ ಚಾಲಕನ ಜಾಗ, ನಡುವೆ ಗಾಜಿನ ಕಿಟಕಿಗಳ ತಗ್ಗು ಕೋಣೆ, ಹಿಂದೆ ನಿಂತು ನೋಡಲು ಬಯಲು ಜಾಗ. ಸಾಮಾನ್ಯವಾಗಿ ಹತ್ತು ಜನರವರೆಗೆ ಕೂರಿಸುತ್ತಾರೆ. ಆದರೆ ಹತ್ತು ಜನರ ಜೊತೆ ಹತ್ತು ದೊಡ್ಡ ಪೆಟ್ಟಿಗೆ ಹಿಡಿಸುವುದು ಕಷ್ಟ. ಪರವಾನಗಿ ಇರುವ ಟ್ಯಾಕ್ಸಿಯ ಒಡಲ ಮೇಲೆ ಹಳದಿ ಪಟ್ಟಿ ಮತ್ತು ಸಂಖ್ಯೆ ಇರುತ್ತದೆ. ಟ್ಯಾಕ್ಸಿಯಲ್ಲದೆ, ಚಾಲಕನ ಸಮೇತ ಮುಂಗಡವಾಗಿಯೇ ಬಾಡಿಗೆಗೆ ಪಡೆಯುವ ದೋಣಿ ಮತ್ತು ಕಾರುಗಳ ಇನ್ನೊಂದು ವರ್ಗವಿದೆ. ಇವೆರಡನ್ನೂ ಇಟಲಿಯ 1992ರ 21ನೆಯ ಕಾನೂನು ಬೇರೆ ಬೇರೆಯಾಗಿ ಗುರುತಿಸುತ್ತದೆ: ಟ್ಯಾಕ್ಸಿ ಸ್ಟ್ಯಾಂಡಿನಲ್ಲಿ ನಿಂತು ಬಂದವರನ್ನು ಹತ್ತಿಸಿಕೊಳ್ಳಬಹುದು, ಬಾಡಿಗೆ ವಾಹನವನ್ನು ಮೊದಲೇ ಕಾಯ್ದಿರಿಸಿರಬೇಕು. ದಂಡೆಯಲ್ಲಿ ಬಳಿಗೆ ಬಂದು ಕಡಿಮೆಗೆ ಬಿಡುತ್ತೇನೆ ಎನ್ನುವವನ ದೋಣಿ ಎರಡೂ ವರ್ಗಕ್ಕೆ ಸೇರಿರದೇ ಇರಬಹುದು. ಅಂಥದನ್ನು ಹತ್ತದಿರುವುದೇ ಒಳ್ಳೆಯದು.

ಹಳೆಯ ಅರಮನೆಗಳು ಹೋಟೆಲಾದ ಕಡೆ ಕಾಲುವೆಗೆ ತೆರೆಯುವ ನೀರುಬಾಗಿಲು ಇರುತ್ತದೆ. ಹಿಂದೆ ಸರಕು ಇಳಿಯುತ್ತಿದ್ದ ಬಾಗಿಲಲ್ಲಿ ಈಗ ಪ್ರವಾಸಿಗರ ಪೆಟ್ಟಿಗೆಗಳು. ಹತ್ತುವ ಕ್ರಮ ಇಷ್ಟು: ಮೊದಲು ಹೋಟೆಲಿನ ಹಮಾಲಿ ಪೆಟ್ಟಿಗೆಗಳನ್ನು ಒಂದೊಂದಾಗಿ ಚಾಲಕನಿಗೆ ದಾಟಿಸುತ್ತಾನೆ. ಚಾಲಕ ಒಂದು ಕೈಯಲ್ಲಿ ಕಟ್ಟೆಯ ಕಂಬವನ್ನು ಹಿಡಿದು ದೋಣಿಯನ್ನು ಗೋಡೆಗೆ ಒತ್ತಿ ನಿಲ್ಲಿಸಿ ಇನ್ನೊಂದು ಕೈ ಚಾಚುತ್ತಾನೆ. ನೀರು ಇಳಿದಿದ್ದರೆ ಕೆಳಗಿನ ಮೆಟ್ಟಿಲುಗಳ ಮೇಲೆ ಹಸಿರು ಪಾಚಿ ಕಾಣುತ್ತದೆ. ಅದರ ಮೇಲೆ ಕಾಲಿಡಬಾರದು, ಜಾರುವುದು ಖಂಡಿತ. ಒಣಗಿದ ಮೆಟ್ಟಿಲಿನಿಂದ ನೇರ ದೋಣಿಯ ನಡುಭಾಗಕ್ಕೆ ಹೆಜ್ಜೆಯಿಟ್ಟು, ತಲೆ ಬಗ್ಗಿಸಿ ಕೋಣೆಯೊಳಗೆ ಹೋಗಬೇಕು. ಸೀರೆ ಉಟ್ಟ ಹಿರಿಯರು, ಮಂಡಿನೋವಿನವರು ಇದ್ದರೆ ಹಮಾಲಿ ಕಟ್ಟೆಯಲ್ಲಿ, ಚಾಲಕ ದೋಣಿಯಲ್ಲಿ, ಹೀಗೆ ಇಬ್ಬರೂ ಕೈಹಿಡಿಯುವಂತೆ ಮೊದಲೇ ಹೇಳುವುದರಲ್ಲಿ ಸಂಕೋಚ ಬೇಡ. ಗಾಲಿಕುರ್ಚಿಯವರಿಗೆ ಮಾತ್ರ ಈ ದೋಣಿ ಹೊಂದುವುದಿಲ್ಲ. ತೇಲುವ ನಿಲ್ದಾಣದಿಂದ ಸಮಮಟ್ಟದಲ್ಲಿ ಹತ್ತಬಹುದಾದ, ವಪೊರೆತ್ತೊ ಎಂಬ ಸಾರ್ವಜನಿಕ ದೋಣಿ ಅವರಿಗೆ ಎಷ್ಟೋ ಮೇಲು. ಎತ್ತುವ ಸಾಧನ ಅಳವಡಿಸಿದ ಬಾಡಿಗೆ ದೋಣಿ ಬೇಕೆಂದರೆ ಮುಂಚಿತವಾಗಿ ವಿಚಾರಿಸಬೇಕು.

ಹೊರಟ ದೋಣಿ ಸಣ್ಣ ಕಾಲುವೆಗಳಲ್ಲಿ ಗಂಟೆಗೆ 5 ಕಿ.ಮೀ., ಕನಾಲ್ ಗ್ರಾಂಡೆಯಲ್ಲಿ 7 ಕಿ.ಮೀ. ಮಿತಿಯಲ್ಲಿ ಸಾಗಬೇಕು. ನಗರದ ಉತ್ತರ ಅಂಚು ದಾಟಿ ಬಯಲು ನೀರಿಗೆ ಬಂದಮೇಲೆ ವೇಗ 20 ಕಿ.ಮೀ.ವರೆಗೆ ಏರುತ್ತದೆ. ಸ್ಮಶಾನದ ದ್ವೀಪ ಸಾನ್ ಮಿಕೆಲೆ, ಗಾಜಿನ ಕೆಲಸಕ್ಕೆ ಹೆಸರಾದ ಮುರಾನೊ ಇವುಗಳ ಬಳಿಯಿಂದ ಹಾದು ಟೆಸ್ಸೆರಾ ಕಾಲುವೆ ಹಿಡಿಯುತ್ತಾರೆ. ನೀರು ಎಲ್ಲೆಡೆ ಹರಡಿದ್ದರೂ ದೋಣಿ ಹೋಗುವಷ್ಟು ಆಳ ಇರುವುದು ತೋಡಿದ ದಾರಿಗಳಲ್ಲಿ ಮಾತ್ರ. ಬ್ರಿಕೊಲೆ ಎಂಬ ಮರದ ಕಂಬಗಳ ಗುಂಪುಗಳು ಅದರ ಗಡಿ ತೋರಿಸುತ್ತವೆ. ಸಾನ್ ಮಾರ್ಕೊ ಕಡೆಯಿಂದ ಒಟ್ಟು ಅರ್ಧ ಗಂಟೆಯ ಆಸುಪಾಸು. ಚಳಿಗಾಲದ ಮಂಜಿನಲ್ಲಿ ಇನ್ನೂ ಹೆಚ್ಚು.

ನೀರಿನ ಮಟ್ಟ

ಹೋಟೆಲಿಗೆ ನೀರುಬಾಗಿಲು ಇದೆ ಎಂದ ಮಾತ್ರಕ್ಕೆ ಆ ದಿನ ಅಲ್ಲಿಗೆ ದೋಣಿ ಬಂದೀತು ಎಂಬ ಖಾತರಿಯಿಲ್ಲ. ಅದನ್ನು ತೀರ್ಮಾನಿಸುವುದು ಉಬ್ಬರವಿಳಿತ. ನೀರು ಏರಿದಾಗ ತಗ್ಗು ಸೇತುವೆಗಳ ಅಡಿ ದೋಣಿಯ ಕೋಣೆ ನುಸುಳುವುದಿಲ್ಲ. ಬಹಳ ಇಳಿದಾಗ ಸಣ್ಣ ಕಾಲುವೆಗಳಲ್ಲಿ ಕೆಸರೇ ಕಾಣುತ್ತದೆ. 2023ರ ಫೆಬ್ರುವರಿಯಲ್ಲಿ ಒಳಗಾಲುವೆಗಳು ಬತ್ತಿ ದೋಣಿಗಳು ಕೆಸರಲ್ಲಿ ಕೂತ ಚಿತ್ರಗಳು ಜಗತ್ತಿನ ಪತ್ರಿಕೆಗಳಲ್ಲೆಲ್ಲ ಬಂದವು. ಎರಡು ಸಂದರ್ಭದಲ್ಲೂ ಚಾಲಕ ಹತ್ತಿರದ ಅಗಲ ಕಾಲುವೆಯ ಕಟ್ಟೆಗೆ ಬರಹೇಳುತ್ತಾನೆ. ಅಲ್ಲಿಗೆ ಮತ್ತೆ ಪೆಟ್ಟಿಗೆ, ಮತ್ತೆ ಸೇತುವೆ. ನಮ್ಮ ಕರಾವಳಿಯ ಅಳಿವೆಗಳಲ್ಲಿ ದೋಣಿ ಬಿಡುವವರಿಗೆ ಈ ಲೆಕ್ಕ ಹೊಸದಲ್ಲ, ಬಯಲುಸೀಮೆಯ ಪ್ರವಾಸಿಗರಿಗೆ ಮಾತ್ರ ಹೊಳೆಯುವುದಿಲ್ಲ.

ನಗರವನ್ನೇ ನೀರು ಹೊಗುವ ಮಹಾಉಬ್ಬರಕ್ಕೆ ಅಕ್ವಾ ಆಲ್ತಾ ಎನ್ನುತ್ತಾರೆ. 1966ರ ನವೆಂಬರ್ 4ರಂದು ನೀರು 194 ಸೆಂ.ಮೀ., 2019ರ ನವೆಂಬರ್ 12ರಂದು 187 ಸೆಂ.ಮೀ. ಏರಿತ್ತು. ಲಗೂನಿನ ಮೂರು ಕಡಲಬಾಯಿಗಳಲ್ಲಿ 78 ಎತ್ತುವ ಬಾಗಿಲುಗಳಿರುವ ಮೊಸೆ ತಡೆಗೋಡೆ 2020ರ ಅಕ್ಟೋಬರ್ 3ರಂದು ಮೊದಲ ಬಾರಿಗೆ ಸಮುದ್ರವನ್ನು ತಡೆಯಿತು. ಅಂದಿನಿಂದ ದೊಡ್ಡ ಪ್ರವಾಹಗಳ ಭಯ ಇಳಿದಿದೆ. ಆದರೆ ತಡೆಗೋಡೆಯನ್ನು ಎತ್ತುವುದು ಭಾರೀ ಉಬ್ಬರದ ಮುನ್ಸೂಚನೆ ಇದ್ದಾಗ ಮಾತ್ರ. ಅದಕ್ಕಿಂತ ಕೆಳಗಿನ, ದೋಣಿಗೆ ತೊಡಕಾಗುವಷ್ಟು ಏರುವ ನೀರು ಈಗಲೂ ಹಾಗೆಯೇ ಒಳಬರುತ್ತದೆ. ನಗರಾಡಳಿತದ ಉಬ್ಬರ ಮುನ್ಸೂಚನೆ ಪ್ರತಿದಿನ ಪ್ರಕಟವಾಗುತ್ತದೆ. ಹಿಂದಿನ ಸಂಜೆ ಹೋಟೆಲಿನ ಕೌಂಟರಿನಲ್ಲಿ “ನಾಳೆ ದೋಣಿ ಬಾಗಿಲಿಗೇ ಬರುತ್ತದೆಯೇ?” ಎಂದು ಕೇಳಿದರೆ ಅವರೇ ನೋಡಿ ಹೇಳುತ್ತಾರೆ.

ಕಾರಿನ ದಾರಿ

ಪಿಯಾತ್ಸಾಲೆ ರೋಮಾದ ಹತ್ತಿರ, ಅಂದರೆ ಸಾಂತಾ ಕ್ರೋಚೆಯಲ್ಲೋ ರೈಲು ನಿಲ್ದಾಣದ ಬಳಿಯಲ್ಲೋ ತಂಗಿದವರಿಗೆ ದೋಣಿಯ ಖರ್ಚು ವ್ಯರ್ಥ. ಚೌಕದಿಂದ ಕಾರು ಇಪ್ಪತ್ತು ಇಪ್ಪತ್ತೈದು ನಿಮಿಷದಲ್ಲಿ ತಲುಪಿಸುತ್ತದೆ. ವಿಮಾನ ನಿಲ್ದಾಣಕ್ಕೆ ನೇರ ಬಸ್ಸುಗಳೂ ಅಷ್ಟೇ ಹೊತ್ತಿನಲ್ಲಿ ಹೋಗುತ್ತವೆ. ನೆಲದ ಮೇಲಿರುವ ಮೆಸ್ತ್ರೆಯಲ್ಲಿ ತಂಗಿದವರಿಗೂ ಕಾರೇ ಸರಿ. ಜುದೆಕ್ಕಾ ದ್ವೀಪಕ್ಕೆ ಸೇತುವೆಯೇ ಇಲ್ಲ, ಅಲ್ಲಿಂದ ದೋಣಿ ಅನಿವಾರ್ಯ. ಬಾಡಿಗೆ ದೋಣಿ, ಕಾರು ಇವೆರಡರ ನಡುವಿನ ಆಯ್ಕೆ ಆಲಿಲಗೂನಾ ಎಂಬ ಸಾರ್ವಜನಿಕ ಲಗೂನ್ ದೋಣಿ: ತಲಾ ಟಿಕೆಟ್ಟು, ಹಲವು ನಿಲ್ದಾಣ, ಸಾನ್ ಮಾರ್ಕೊದಿಂದ ಒಂದು ಗಂಟೆಗೂ ಮೀರಿದ ಪ್ರಯಾಣ. ಹೊತ್ತು ಇದ್ದವರಿಗೆ ಅದೂ ಒಳ್ಳೆಯದೇ.

ದರ

ಬಾಡಿಗೆ ದೋಣಿಗೆ ಹಳೆಯ ನಗರದಿಂದ ವಿಮಾನ ನಿಲ್ದಾಣಕ್ಕೆ ನೂರು ಯೂರೋ ಮೀರುತ್ತದೆ. ದರ ದೋಣಿಗೆ, ತಲೆಗಲ್ಲ. ನಿಗದಿತ ಸಂಖ್ಯೆಗಿಂತ ಹೆಚ್ಚು ಜನ, ಹೆಚ್ಚು ಪೆಟ್ಟಿಗೆ, ರಾತ್ರಿಯ ಹೊತ್ತು ಇವಕ್ಕೆ ಮೇಲ್ದರ ಇದೆ. ಇಬ್ಬರೇ ಹೋಗುವವರಿಗೆ ದುಬಾರಿ. ಅಜ್ಜ ಅಜ್ಜಿ ಮಕ್ಕಳೊಂದಿಗೆ ಆರು ಜನರ ಕುಟುಂಬಕ್ಕೆ ಹಂಚಿ ನೋಡಿದರೆ ನ್ಯಾಯವಾದ ಬೆಲೆಯೇ. ಬೇರೆ ಪ್ರಯಾಣಿಕರೊಂದಿಗೆ ಹಂಚಿಕೊಳ್ಳುವ ದೋಣಿಗಳೂ ಉಂಟು, ಆದರೆ ಅವು ಇತರ ಹೋಟೆಲುಗಳಲ್ಲಿ ನಿಂತು ಹೋಗುತ್ತವೆ. ಕಾಯ್ದಿರಿಸುವಾಗ ಒಟ್ಟು ಮೊತ್ತ, ಜನರ ಮತ್ತು ಪೆಟ್ಟಿಗೆಗಳ ಸಂಖ್ಯೆ, ಹತ್ತುವ ಕಟ್ಟೆ ಇವನ್ನು ಬರವಣಿಗೆಯಲ್ಲಿ ಪಡೆಯಬೇಕು.

ಕೆಲವು ದಿನ ಕಾಲುವೆಗಳೇ ಮುಚ್ಚಿರುತ್ತವೆ. ಜುಲೈ ಮೂರನೆಯ ಭಾನುವಾರದ ರೆದೆಂತೊರೆ ಹಬ್ಬ, ಸೆಪ್ಟೆಂಬರ್ ಮೊದಲ ಭಾನುವಾರದ ರೆಗಾತಾ ಸ್ತೋರಿಕಾ ಸ್ಪರ್ಧೆ, ಬೇಸಿಗೆಯ ಹೊಸ್ತಿಲಲ್ಲಿ ನಡೆಯುವ ಹುಟ್ಟುದೋಣಿಗಳ ವೊಗಲೊಂಗಾ. ಸಾರಿಗೆ ಮುಷ್ಕರಗಳೂ ಇಟಲಿಯಲ್ಲಿ ಅಪರೂಪವಲ್ಲ.

ಅಲೆಯ ಹಾನಿ

ವೊಗಲೊಂಗಾ 1975ರಲ್ಲಿ ಆರಂಭವಾದದ್ದು ಮೋಟಾರು ದೋಣಿಗಳ ಅಲೆಯ ವಿರುದ್ಧ ಪ್ರತಿಭಟನೆಯಾಗಿ. ಸಾವಿರಾರು ಜನ ಹುಟ್ಟುಹಾಕಿ ನಗರ ಸುತ್ತುತ್ತಾರೆ. ವೆನಿಸ್ಸಿನ ಕಟ್ಟಡಗಳು ಕೆಸರಿಗೆ ಇಳಿಸಿದ ಮರದ ಕಂಬಗಳ ಮೇಲೆ, ಉಪ್ಪುನೀರು ಹೀರದ ಇಸ್ತ್ರಿಯಾ ಕಲ್ಲಿನ ಸಾಲಿನ ಮೇಲೆ ನಿಂತಿವೆ. ವೇಗದ ದೋಣಿಯ ಅಲೆ ಆ ಕಲ್ಲುಗಳ ಸಂದಿನ ಗಾರೆಯನ್ನು ತೊಳೆಯುತ್ತದೆ, ಕಲ್ಲಿನ ಸಾಲನ್ನು ಮೀರಿ ಇಟ್ಟಿಗೆಗೆ ಹಾರಿ ಉಪ್ಪನ್ನು ಏರಿಸುತ್ತದೆ. ಮೋತೊ ಒಂದೋಸೊ ಎಂದು ನಿವಾಸಿಗಳು ಕರೆಯುವ ಈ ಹಾನಿಗೆ ಸರಕು ದೋಣಿ, ವಪೊರೆತ್ತೊಗಳ ಜೊತೆಗೆ ಟ್ಯಾಕ್ಸಿಗಳೂ ಕಾರಣ. ವಿಮಾನ ತಪ್ಪೀತೆಂದು ಪ್ರಯಾಣಿಕ ಚಡಪಡಿಸಿದಾಗಲೇ ಚಾಲಕ ಮಿತಿ ಮೀರುವ ಸಂಭವ ಹೆಚ್ಚು. ಭಾರತಕ್ಕೆ ಮರಳುವವರಿಗೆ ಪಾಸ್‌ಪೋರ್ಟ್ ತಪಾಸಣೆ, ಖರೀದಿಯ ತೆರಿಗೆ ವಾಪಸಾತಿಯ ಸಾಲು ಎಲ್ಲ ಸೇರಿ ಮೂರು ಗಂಟೆ ಮೊದಲೇ ನಿಲ್ದಾಣದಲ್ಲಿರಬೇಕಾಗುತ್ತದೆ. ದೋಣಿಯನ್ನು ಅದಕ್ಕೂ ಒಂದು ಗಂಟೆ ಮುಂಚೆ ಬರಹೇಳಿ. ಕಾಲುವೆಯೊಳಗೆ ಬೇಗ ನಡೆಸೆಂದು ಚಾಲಕನನ್ನು ದಯವಿಟ್ಟು ಒತ್ತಾಯಿಸಬೇಡಿ.