ಎದ್ದು ನಿಲ್ಲುವ ವಿದ್ಯೆ

ಜೇವರ್ಗಿಯಿಂದ ಚಾಮರಾಜನಗರಕ್ಕೆ ಹೋಗುವ ಹೆದ್ದಾರಿಯು ರಾಯಚೂರು ಜಿಲ್ಲೆಯಲ್ಲಿ ಲಿಂಗಸುಗೂರು, ಮಸ್ಕಿ, ಸಿಂಧನೂರುಗಳನ್ನು ಹಾದು ಹೋಗುತ್ತದೆ. ಮಸ್ಕಿ ಎಂದೊಡನೆ ನಮ್ಮಂಥ ಸಾಹಿತ್ಯದ ಮಂದಿಗೆ 1915ರಲ್ಲಿ ಅಲ್ಲಿ ದೊರೆತ ಅಶೋಕನ ಶಾಸನ ನೆನಪಾಗುತ್ತದೆ. ನಾನಿಂದು ಹೇಳಹೊರಟಿರುವುದು ಬೇರೊಂದು ಇತಿಹಾಸವನ್ನು. ಇಂಥ ಹೆದ್ದಾರಿಯಲ್ಲಿ ಬಿದ್ದು ಮಿದುಳಿಗೆ ಪೆಟ್ಟಾದವರು ಮತ್ತೆ ಎದ್ದು ನಡೆಯುವುದನ್ನು ವೈದ್ಯಶಾಸ್ತ್ರ ಕಲಿತುಕೊಂಡ ಬಗೆ ಅದು.

ಈ ಶಾಸ್ತ್ರ ಬಹುಮಟ್ಟಿಗೆ ಯುದ್ಧದ ಕೂಸು. 1935ರಲ್ಲಿ ಇಂಗ್ಲೆಂಡಿನ ಲೇಖಕ, ಯೋಧ ಟಿ. ಇ. ಲಾರೆನ್ಸ್ ಮೋಟಾರ್ ಸೈಕಲ್ಲಿನಿಂದ ಬಿದ್ದು, ಆರು ದಿನ ಪ್ರಜ್ಞೆಯಿಲ್ಲದೆ ಮಲಗಿ ತೀರಿಕೊಂಡನು. ಅವನನ್ನು ನೋಡಿದ ವೈದ್ಯರಲ್ಲಿ ಹ್ಯೂ ಕೇರ್ನ್ಸ್ ಒಬ್ಬನು. ಮುಂದೆ ಹೆಲ್ಮೆಟ್ಟು ಸೈನಿಕರ ತಲೆಯನ್ನು ಕಾಯುವುದೆಂದು 1941ರಲ್ಲಿ ಬರೆದು ತೋರಿಸಿದವನು ಇವನೇ. ಆಕ್ಸ್‌ಫರ್ಡಿನ ಸೇಂಟ್ ಹ್ಯೂಸ್ ಕಾಲೇಜು 1940ರಲ್ಲಿ ತಲೆಗೆ ಗಾಯವಾದ ಸೈನಿಕರ ಆಸ್ಪತ್ರೆಯಾದುದರಲ್ಲಿಯೂ ಇವನ ಕೈಯಿತ್ತು. ಅದೇ ಯುದ್ಧಕಾಲದಲ್ಲಿ ಸೋವಿಯತ್ ದೇಶದ ಯೂರಲ್ ಸೀಮೆಯಲ್ಲಿ ಅಲೆಕ್ಸಾಂಡರ್ ಲೂರಿಯಾ ಇನ್ನೂ ಮುಂದಕ್ಕೆ ಹೋದನು. ಮಿದುಳಿನ ಸತ್ತ ಭಾಗ ಬದುಕಲಾರದು, ಆದರೆ ಅದು ಮಾಡುತ್ತಿದ್ದ ಕೆಲಸವನ್ನು ಉಳಿದ ಭಾಗಗಳಿಗೆ ಬೇರೆ ದಾರಿಯಿಂದ ಕಲಿಸಬಹುದು ಎಂಬುದು ಅವನ ಕಾಣ್ಕೆ.

ನಮ್ಮ ನಾಡಿನಲ್ಲಿ 1974ರಲ್ಲಿ ಬೆಂಗಳೂರಿನ ನಿಮ್ಹಾನ್ಸ್ ರೂಪುಗೊಂಡಿತು. ಮೊದಲ ನಿರ್ದೇಶಕರಾದ ಡಾ. ಆರ್. ಮಾರ್ತಾಂಡ ವರ್ಮ ಅವರು ಮಿದುಳಿನ ಶಸ್ತ್ರವೈದ್ಯರು. ಅಲ್ಲಿಯವರೇ ಆದ ಡಾ. ಜಿ. ಗುರುರಾಜ್ ಅವರು 2002ರಲ್ಲಿ ಪ್ರಕಟಿಸಿದ ಲೆಕ್ಕದಂತೆ, ಲಕ್ಷ ಜನರಲ್ಲಿ ವರ್ಷಕ್ಕೆ ಸುಮಾರು 150 ಮಂದಿಗೆ ಮಿದುಳಿನ ಪೆಟ್ಟಾಗುತ್ತದೆ. ಸಾಯುವವರು 20 ಮಂದಿ. ಸತ್ತವರು ಮರುದಿನದ ಪತ್ರಿಕೆಯಲ್ಲಿ ಬರುತ್ತಾರೆ. ಮಿಕ್ಕವರು ಎಲ್ಲಿಯೂ ಬರುವುದಿಲ್ಲ.

ಅವರಲ್ಲಿ ಪೆಟ್ಟು ಬಲವಾದವರಿಗೆ ಬೇಕಾದುದು ಫಿಜಿಯೋಥೆರಪಿ. (ಇದನ್ನು ‘ಭೌತಚಿಕಿತ್ಸೆ’ ಎಂದು ಕನ್ನಡಿಸಿದ್ದಾರೆ, ಆಸ್ಪತ್ರೆಯ ಜಗಲಿಯಲ್ಲಿ ಆ ಮಾತು ಯಾರಿಗೂ ತಿಳಿಯದು.) ರೋಗಿಗೆ ಪ್ರಜ್ಞೆ ಮರಳುವ ಮೊದಲೇ ಅದು ತೊಡಗುತ್ತದೆ. ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸದಿದ್ದರೆ ಬೆನ್ನು ಹುಣ್ಣಾಗುತ್ತದೆ. ಕೀಲುಗಳನ್ನು ದಿನವೂ ಮೆಲ್ಲಗೆ ಆಡಿಸದಿದ್ದರೆ ಮಂಡಿ, ಮೊಣಕೈ, ಹಿಮ್ಮಡಿ ಮಡಿಚಿದಂತೆಯೇ ಬಿಗಿದುಕೊಳ್ಳುತ್ತವೆ. ಆಮೇಲೆ ಮಂಚದ ಅಂಚಿನಲ್ಲಿ ಕೂರಿಸುವುದು, ಕತ್ತು ನಿಲ್ಲಿಸುವುದು, ಪಟ್ಟಿ ಕಟ್ಟಿದ ಹಲಗೆಯ ಮೇಲೆ ಸ್ವಲ್ಪಸ್ವಲ್ಪವಾಗಿ ನೆಟ್ಟಗೆ ನಿಲ್ಲಿಸುವುದು, ಮೊದಲ ಹೆಜ್ಜೆ. ಒಂದೇ ಚಲನೆಯನ್ನು ನೂರಾರು ಸಲ ಮಾಡಿಸಬೇಕು. ಮಿದುಳು ಹೊಸ ದಾರಿ ಕಂಡುಕೊಳ್ಳುವುದು ಆ ಪುನರಾವೃತ್ತಿಯಿಂದಲೇ. ಅಕ್ಷರ ತಿದ್ದಿಸುವುದು ಬಲ್ಲ ನನಗೆ ಈ ಕ್ರಮ ಅಪರಿಚಿತವೆನಿಸಲಿಲ್ಲ. ಮೊದಲ ಆರು ತಿಂಗಳಲ್ಲಿ ಸುಧಾರಣೆ ಬಿರುಸು. ಅನಂತರವೂ ಅದು ವರ್ಷಗಟ್ಟಲೆ ನಡೆದೇ ಇರಬಲ್ಲುದು.

ಈಗ ಮತ್ತೆ ನಮ್ಮ ಹೆದ್ದಾರಿಗೆ ಬರೋಣ. 2008ರಲ್ಲಿ 108ರ ಆಂಬುಲೆನ್ಸ್ ಬಂದಿತು. 2016ರಲ್ಲಿ, ಸಾಯುತ್ತಲೇ ತನ್ನ ಅಂಗಾಂಗಗಳನ್ನು ದಾನಮಾಡಿರೆಂದ ತರುಣ ಹರೀಶ್ ಹೆಸರಿನ ಸಾಂತ್ವನ ಯೋಜನೆ ಬಂದು, ಅಪಘಾತದ ಮೊದಲ 48 ಗಂಟೆಗಳಿಗೆ 25,000 ರೂಪಾಯಿವರೆಗಿನ ವೆಚ್ಚವನ್ನು ಸರ್ಕಾರ ವಹಿಸಿಕೊಂಡಿತು. ಒಳ್ಳೆಯದೇ. ಆದರೆ ನಡೆಯಲು ಕಲಿಯುವುದು 49ನೆಯ ಗಂಟೆಯ ಅನಂತರದ ಕೆಲಸ. ಸಿಂಧನೂರಿನಿಂದ ರಾಯಚೂರು ಸುಮಾರು 90 ಕಿಲೋಮೀಟರ್. ನಿಮ್ಹಾನ್ಸ್ 350ಕ್ಕೂ ಹೆಚ್ಚು. ಭತ್ತದ ನಾಟಿಯ ಕೂಲಿ ಬಿಟ್ಟು ಯಾವ ತಾಯಿ ಮಗನನ್ನು ದಿನವೂ ಅಷ್ಟು ದೂರ ಹೊತ್ತೊಯ್ದಾಳು?

ಹೀಗಾಗಿ ಚಿಕಿತ್ಸೆ ಪಡಸಾಲೆಗೆ ಬರುತ್ತದೆ, ಮನೆಯವರ ಕೈಗೆ. ಅವರ ಅಕ್ಕರೆಗೆ ಕೊರತೆಯಿಲ್ಲ, ಆದರೆ ಅಕ್ಕರೆಯೊಂದೇ ಸಾಲದು. ಜೋತುಬಿದ್ದ ತೋಳನ್ನು ಹಿಡಿದೆಳೆದು ಕೂರಿಸಿದರೆ ಭುಜದ ಕೀಲು ಸಡಿಲವಾಗುತ್ತದೆ. ಬಿಗಿದ ಕಾಲನ್ನು ಎಣ್ಣೆ ಹಚ್ಚಿ ಬಲವಂತದಿಂದ ಚಾಚಿಸಿದರೆ ಸ್ನಾಯು ಇನ್ನಷ್ಟು ಬಿಗಿಯುತ್ತದೆ. ಆಸ್ಪತ್ರೆಯಿಂದ ಹೊರಡುವಾಗ ಕೊಡುವ ಚೀಟಿಯಲ್ಲಿ ಮಾತ್ರೆಗಳ ಹೆಸರುಗಳಿರುತ್ತವೆ, ಅದೂ ಇಂಗ್ಲಿಷಿನಲ್ಲಿ. ಯಾವ ಕೀಲನ್ನು ಹೇಗೆ ಹಿಡಿಯಬೇಕು, ದಿನಕ್ಕೆಷ್ಟು ಸಲ ಆಡಿಸಬೇಕು, ಯಾವುದನ್ನು ಮಾಡಲೇಬಾರದು ಎಂಬುದನ್ನು ಕನ್ನಡದಲ್ಲಿ, ಚಿತ್ರಸಹಿತ, ಒಂದು ಹಾಳೆಯಲ್ಲಿ ಬರೆದುಕೊಡಿರೆಂದು ಮನೆಯವರು ಕೇಳಬೇಕು. ಓದಲು ಬಾರದವರು ಒಮ್ಮೆ ತಮ್ಮ ಕೈಯಿಂದಲೇ ಮಾಡಿ ತೋರಿಸಿ, ಸರಿಯೆನಿಸಿಕೊಂಡ ಮೇಲೆಯೇ ಬಸ್ಸು ಹತ್ತಲಿ.