ನೆಟ್ ಇಲ್ಲದಾಗಲೂ ನಡೆಯುವ ವೆಬ್ ಆ್ಯಪ್: ಅಂಗಡಿ ಲೆಕ್ಕಕ್ಕೆ ನಂಬಬಹುದೇ?

ಪ್ಲೇಸ್ಟೋರ್‌ಗೆ ಹೋಗದೆ, ಬ್ರೌಸರ್‌ನಲ್ಲೇ ತೆರೆದು ಆ್ಯಪ್‌ನಂತೆ ಕೆಲಸ ಮಾಡುವ ಸೈಟ್‌ಗೆ ವೆಬ್ ಆ್ಯಪ್ ಅಂತ ಹೆಸರು. 2002ರಲ್ಲಿ ಮ್ಯಾಕ್ರೋಮೀಡಿಯಾ ಕಂಪೆನಿ ಇಂಥದ್ದನ್ನು 'ರಿಚ್ ಇಂಟರ್ನೆಟ್ ಅಪ್ಲಿಕೇಶನ್' ಎಂದು ಕರೆದಿತ್ತು. ಆಗ ಅವು ಓಡುತ್ತಿದ್ದದ್ದು ಫ್ಲ್ಯಾಶ್‌ನಲ್ಲಿ. ನೆಟ್ ಇಲ್ಲದೆಯೂ ನಡೆಸಲು ಗೂಗಲ್ 2007ರಲ್ಲಿ 'ಗೇರ್ಸ್' ತಂದಿತು. ಎರಡೂ ಈಗ ಇಲ್ಲ.

ಈಗಿನ ವ್ಯವಸ್ಥೆ 'ಸರ್ವಿಸ್ ವರ್ಕರ್'. ನೆಟ್ ಇರುವಾಗ ಒಮ್ಮೆ ಸೈಟ್ ತೆರೆದರೆ, ಬೇಕಾದ ಪುಟ, ಚಿತ್ರಗಳನ್ನು ಅದು ಫೋನ್‌ನಲ್ಲೇ ಇಟ್ಟುಕೊಳ್ತದೆ. ಮುಂದೆ ಬ್ರೌಸರ್ ಏನು ಕೇಳಿದರೂ, ಅಂಗಡಿ ಹುಡುಗ ಗೋದಾಮಿಗೆ ಓಡುವ ಮೊದಲು ಕಪಾಟು ನೋಡುವ ಹಾಗೆ, ಮೊದಲು ಅಲ್ಲಿ ಹುಡುಕಬಹುದು.

ನಮ್ಮ ಬೆಂಗಳೂರಿನ ಫ್ಲಿಪ್‌ಕಾರ್ಟ್ ಇದಕ್ಕೆ ಒಳ್ಳೆಯ ಉದಾಹರಣೆ. 2015ರಲ್ಲಿ ಮೊಬೈಲ್ ಸೈಟ್ ಮುಚ್ಚಿ, ಆ್ಯಪ್ ಒಂದೇ ಸಾಕು ಎಂದಿದ್ದ ಕಂಪೆನಿ ಅದೇ ವರ್ಷ ನವೆಂಬರ್‌ನಲ್ಲಿ 'ಫ್ಲಿಪ್‌ಕಾರ್ಟ್ ಲೈಟ್' ಎಂಬ ವೆಬ್ ಆ್ಯಪ್ ತಂದಿತು. ಗ್ರಾಹಕರು ಸೈಟ್‌ನಲ್ಲಿ ಕಳೆಯುವ ಸಮಯ ಮೂರು ಪಟ್ಟಾಯಿತು, ಡೇಟಾ ಖರ್ಚು ಮೂರನೇ ಒಂದಕ್ಕೆ ಇಳಿಯಿತು ಎಂದು ಆಮೇಲೆ ಲೆಕ್ಕ ಕೊಟ್ಟರು.

ದೊಡ್ಡ ಕಂಪೆನಿಗೆ ಇದು ಮಾರಾಟದ ಮಾತು. ಸಣ್ಣ ಅಂಗಡಿಗೆ ಸಾಲದ ಪುಸ್ತಕದ ಮಾತು. ಗಡಿಯಾಚೆ, ಸಾಂಗ್ಲಿ ಜಿಲ್ಲೆಯ ಜತ್ ತಾಲೂಕಿನ ಮುಚ್ಚಂಡಿಯಲ್ಲಿ ಒಂದು ಕಿರಾಣಿ ಅಂಗಡಿ ಅಂತಿಟ್ಟುಕೊಳ್ಳಿ. ಗಿರಾಕಿಯ ಉದ್ರಿ ₹500. ಸಿಗ್ನಲ್ ಇಲ್ಲದಾಗ ಅಣ್ಣನ ಕೈಗೆ ₹200 ಕೊಟ್ಟ, ತಮ್ಮನ ಬಳಿ ₹150ರ ಸಾಮಾನು ಒಯ್ದ. ಇಬ್ಬರೂ ತಮ್ಮ ತಮ್ಮ ಫೋನ್‌ನಲ್ಲಿ ಬರೆದರು. ಆ್ಯಪ್ ಬರೀ ಬಾಕಿ ಮೊತ್ತ ಉಳಿಸುವಂಥದ್ದಾದರೆ ಒಂದರಲ್ಲಿ ₹300, ಇನ್ನೊಂದರಲ್ಲಿ ₹650. ನೆಟ್ ಬಂದಾಗ ಕೊನೆಗೆ ತಲುಪಿದ್ದೇ ನಿಲ್ತದೆ. ಸರಿಯಾದದ್ದು ₹450. ಗಿರಾಕಿ ಕೊಟ್ಟ ದುಡ್ಡೋ, ಅಂಗಡಿಯವನ ಸಾಮಾನೋ, ಯಾವುದಾದರೊಂದು ಮಾಯ! ಕಾಮರ್ಸ್ ಕಲಿತವರಿಗೆ ಪರಿಹಾರ ಗೊತ್ತೇ ಇದೆ: ಬಾಕಿಯನ್ನಲ್ಲ, ಒಂದೊಂದು ಎಂಟ್ರಿಯನ್ನೇ ಕಳಿಸಬೇಕು. ಎರಡೂ ಎಂಟ್ರಿ ಬಂದ ಮೇಲೆ ಕೂಡಿ ಕಳೆದರಾಯಿತು. ಪ್ರತಿ ಎಂಟ್ರಿಗೂ ಬಿಲ್ ನಂಬರಿನಂತೆ ಬೇರೆ ಗುರುತು ಇದ್ದರೆ, ಎರಡು ಸಲ ಹೋದರೂ ಒಂದೇ ಎಂದು ಲೆಕ್ಕವಾಗ್ತದೆ.

ಚಾರ್ಮಾಡಿ ಘಾಟಿ ಹತ್ತುವ ಲೈನ್‌ಸೇಲ್ ಹುಡುಗರಿಗೂ ಇದೇ ಅನ್ವಯ.

ಇನ್ನೊಂದು ಅಪಾಯ ಫೋನ್‌ನಲ್ಲೇ ಇದೆ. ಜಾಗ ಸಾಲದೆಂದು ಯಾರೋ ಬ್ರೌಸರ್‌ನ ಸೈಟ್ ಡೇಟಾ ಅಳಿಸಿದರೆ, ಸರ್ವರ್‌ಗೆ ಹೋಗದ ಲೆಕ್ಕವೂ ಹೋಯಿತು. ಐಫೋನ್‌ನ ಸಫಾರಿ 2020ರಿಂದ, ತನ್ನನ್ನು ಬಳಸಿದ ಏಳು ದಿನಗಳಲ್ಲಿ ಆ ಸೈಟ್ ಮುಟ್ಟದಿದ್ದರೆ ಅದು ಉಳಿಸಿದ್ದನ್ನು ತಾನೇ ಅಳಿಸ್ತದೆ. ಹೋಮ್ ಸ್ಕ್ರೀನ್‌ಗೆ ಸೇರಿಸಿಕೊಂಡರೆ ಈ ಕಾಟ ಇಲ್ಲ.

ಮಾರುವವನ ಮಾತು ಕೇಳುವ ಮೊದಲು ಫೋನನ್ನು ಫ್ಲೈಟ್ ಮೋಡ್‌ಗೆ ಹಾಕಿ, ವೈಫೈಯೂ ಆಫ್ ಇರಲಿ. ನಾಲ್ಕು ಎಂಟ್ರಿ ಬರೆದು, ಆ್ಯಪ್ ಮುಚ್ಚಿ ಮತ್ತೆ ತೆರೆಯಿರಿ. ನಾಲ್ಕೂ ಇರಬೇಕು, ಪ್ರತಿಯೊಂದರ ಪಕ್ಕ 'ಇನ್ನೂ ಕಳಿಸಿಲ್ಲ' ಎಂಬ ಗುರುತೂ ಕಾಣಬೇಕು. ನೆಟ್ ಹಾಕಿದ ಮೇಲೆ ಆ ಗುರುತು ಹೋಗಿ, ಇನ್ನೊಂದು ಫೋನ್‌ನಲ್ಲೂ ಅದೇ ನಾಲ್ಕು ಕಾಣಬೇಕು, ಎಂಟಲ್ಲ.