ಚಲಿಸುವ ಮನೆಯ ಹೊರದೀಪ

ನಮ್ಮ ಸಂಘದ ಸದಸ್ಯರಲ್ಲಿ ಮಗನೋ ಮಗಳೋ ಅಮೆರಿಕದಲ್ಲಿ ನೆಲೆಸಿರುವ ಮನೆಗಳು ಇಂದು ಕಡಿಮೆಯೇನಲ್ಲ. ಬೇಸಗೆ ಬಂತೆಂದರೆ ಅಲ್ಲಿಂದ ಬರುವ ಪ್ರವಾಸದ ಚಿತ್ರಗಳಲ್ಲಿ ಒಂದು ವಿಚಿತ್ರ ವಾಹನವನ್ನು ಕೆಲವರಾದರೂ ಕಂಡಿರಬಹುದು. ಹಿಂಭಾಗ ತೆರೆದಿರುವ ಪಿಕಪ್ ಟ್ರಕ್ಕು, ಅದರ ಬೆನ್ನ ಮೇಲೆ ಕೂರಿಸಿದ ಒಂದು ದೊಡ್ಡ ಪೆಟ್ಟಿಗೆ. ತಂಗುವ ಜಾಗ ಸಿಕ್ಕಿದ ಮೇಲೆ ಪೆಟ್ಟಿಗೆಯ ಚಾವಣಿಯನ್ನು ಮೇಲಕ್ಕೆತ್ತಿದರೆ, ಹಾರ್ಮೋನಿಯಮ್ಮಿನ ತಿದಿಯಂತೆ ಬಟ್ಟೆಯ ಗೋಡೆ ಬಿಚ್ಚಿಕೊಂಡು, ಒಳಗೆ ಆಳು ನೆಟ್ಟಗೆ ನಿಲ್ಲುವಷ್ಟು ಎತ್ತರದ ಕೋಣೆಯಾಗುತ್ತದೆ. ಇದನ್ನು ಅಲ್ಲಿಯವರು ಪಾಪ್-ಅಪ್ ಟ್ರಕ್ ಕ್ಯಾಂಪರ್ ಎನ್ನುತ್ತಾರೆ. ಇಂಥದನ್ನು ಕೊಂಡವರು ಹೆಚ್ಚಾಗಿ ತಾವೇ ಕೈಯಾರೆ ಸೇರಿಸುವ ವಸ್ತುಗಳಲ್ಲಿ ಒಂದು, ಬಾಗಿಲ ಪಕ್ಕದ ಹೊರದೀಪ. ಆ ಪುಟ್ಟ ದೀಪದ ಹಿಂದೆ ನೂರು ವರ್ಷ ಮೀರಿದ ಚರಿತ್ರೆಯಿದೆ. ಅದನ್ನು ಓದುಗರ ಮುಂದಿಡುವುದು ನಮ್ಮ ಉದ್ದೇಶ.

ಪಯಣದಲ್ಲಿರುವ ಮನೆಯ ಹೊರದೀಪಕ್ಕೆ ಎರಡು ಕೆಲಸ. ದಾರಿಯಲ್ಲಿ ಸಾಗುವಾಗ ‘ಇಲ್ಲೊಂದು ಗಾಡಿಯಿದೆ’ ಎಂದು ಇತರರಿಗೆ ತಿಳಿಸುವುದು ಒಂದು. ನಿಂತ ಮೇಲೆ ಮನೆಯವರಿಗೆ ಮೆಟ್ಟಿಲು, ಒಲೆ, ನೀರಿನ ಕೊಡ ಕಾಣುವಂತೆ ಮಾಡುವುದು ಇನ್ನೊಂದು. ನಮ್ಮ ಎತ್ತಿನ ಗಾಡಿಗಳ ಕಾಲದಲ್ಲಿ ಈ ಎರಡನ್ನೂ ಒಂದೇ ಲಾಟೀನು ಮಾಡುತ್ತಿತ್ತು. ಜಾತ್ರೆಗೆ ಹೊರಟ ಗಾಡಿಯ ಅಡಿಯಲ್ಲಿ, ಎರಡು ಚಕ್ರಗಳ ನಡುವೆ ತೂಗಾಡುತ್ತ ಹಿಂದಿನವರಿಗೆ ಅದು ಗುರುತಾಗುತ್ತಿತ್ತು. ತೋಪಿನಲ್ಲಿ ಗಾಡಿ ಬಿಟ್ಟಾಗ ಅದನ್ನೇ ಬಿಚ್ಚಿ ತಂದು ಅಡುಗೆಯ ಒಲೆಯ ಪಕ್ಕದಲ್ಲಿಡುತ್ತಿದ್ದರು. ಮೋಟಾರು ಬಂದ ಮೇಲೆ ಈ ಎರಡು ಕೆಲಸಗಳು ಬೇರೆಬೇರೆಯಾದವು. ಮುಂದಿನ ಚರಿತ್ರೆಯೆಲ್ಲ ಈ ಅಗಲಿಕೆಯದೇ ಎನ್ನಬಹುದು.

ಮೊದಮೊದಲ ಮೋಟಾರುಗಳು ಕುದುರೆ ಸಾರೋಟಿನ ಎಣ್ಣೆದೀಪಗಳನ್ನೇ ಹೊತ್ತು ಓಡಾಡಿದವು. 1892ರಲ್ಲಿ ಥಾಮಸ್ ವಿಲ್ಸನ್ ಎಂಬಾತ ಅಮೆರಿಕದ ಉತ್ತರ ಕ್ಯಾರೊಲಿನಾ ರಾಜ್ಯದಲ್ಲಿ ಕ್ಯಾಲ್ಸಿಯಮ್ ಕಾರ್ಬೈಡನ್ನು ಹೇರಳವಾಗಿ ತಯಾರಿಸುವ ಮಾರ್ಗವನ್ನು ಕಂಡುಹಿಡಿದ. ಕಾರ್ಬೈಡಿನ ಮೇಲೆ ನೀರು ಹನಿಸಿದರೆ ಅಸೆಟಿಲೀನ್ ಅನಿಲ ಹುಟ್ಟುತ್ತದೆ. ಹೊತ್ತಿಸಿದರೆ ಕಣ್ಣು ಕೋರೈಸುವ ಬಿಳಿ ಜ್ವಾಲೆ. ನೀರನ್ನೂ ಕಾರ್ಬೈಡನ್ನೂ ಹೊತ್ತು ತಿರುಗುವ ರಗಳೆ ತಪ್ಪಿಸಲು 1904ರಲ್ಲಿ ಇಂಡಿಯಾನಾಪೊಲಿಸ್ ನಗರದಲ್ಲಿ ಕಾರ್ಲ್ ಫಿಶರ್ ಮತ್ತು ಜೇಮ್ಸ್ ಆಲಿಸನ್ ಅನಿಲವನ್ನು ಸಿಲಿಂಡರಿನಲ್ಲಿ ತುಂಬಿ ಮಾರಲು ತೊಡಗಿದರು. ಅವರ ಪ್ರೆಸ್ಟ್-ಓ-ಲೈಟ್ ಸಿಲಿಂಡರು ಅನೇಕ ವರ್ಷ ಅಮೆರಿಕದ ಮೋಟಾರುಗಳಿಗೆ ಬೆಳಕು ಕೊಟ್ಟಿತು. ಆದರೂ ಕತ್ತಲಾಗುತ್ತಲೇ ಗಾಡಿ ನಿಲ್ಲಿಸಿ ಕಡ್ಡಿ ಗೀರಬೇಕಾದ ಪಾಡು ತಪ್ಪಲಿಲ್ಲ; ಬೆಂಕಿಯ ಭಯವೂ ಹೋಗಲಿಲ್ಲ.

ಆ ಭಯವನ್ನು ಕಳೆದದ್ದು 1912ರ ಕ್ಯಾಡಿಲಾಕ್ ಕಾರು. ಚಾರ್ಲ್ಸ್ ಕೆಟರಿಂಗ್ ರೂಪಿಸಿದ ವ್ಯವಸ್ಥೆಯಲ್ಲಿ ಎಂಜಿನ್ನನ್ನು ಚಾಲೂ ಮಾಡಲೂ ದೀಪ ಉರಿಸಲೂ ಒಂದೇ ಬ್ಯಾಟರಿ. ಎಂಜಿನ್ ಓಡುವಾಗ ಅದೇ ಬ್ಯಾಟರಿಗೆ ಮತ್ತೆ ವಿದ್ಯುತ್ತು ತುಂಬುತ್ತಿತ್ತು. ಕೈಯಿಂದ ತಿರುವುವ ಕ್ರ್ಯಾಂಕಿನ ಕಾಟ ಹೋಯಿತು, ಕಡ್ಡಿಪೆಟ್ಟಿಗೆಯೂ ಹೋಯಿತು. ಆದರೆ ಅದೇ ಗಳಿಗೆಯಲ್ಲಿ ಹೊಸ ಚಿಂತೆಯೊಂದೂ ಹುಟ್ಟಿತು. ರಾತ್ರಿಯಿಡೀ ದೀಪ ಉರಿಸಿದರೆ ಬೆಳಗ್ಗೆ ಗಾಡಿ ಹೊರಡುವುದೆ? ಊರೊಳಗೆ ಇದು ತಮಾಷೆಯ ಮಾತು. ನೂರು ಮೈಲಿಗೆ ಒಂದು ಮನೆಯಿಲ್ಲದ ಬಯಲಿನಲ್ಲಿ ಅದು ಪ್ರಾಣದ ಪ್ರಶ್ನೆಯೇ ಆಗಬಹುದು.

ಅಷ್ಟರಲ್ಲಿ ಮೋಟಾರಿನಲ್ಲಿ ಹೋಗಿ ಬಯಲಲ್ಲಿ ತಂಗುವ ಹವ್ಯಾಸ ಅಲ್ಲಿ ಬೇರೂರುತ್ತಿತ್ತು. 1919ರಲ್ಲಿ ಫ್ಲಾರಿಡಾದ ಟ್ಯಾಂಪಾದಲ್ಲಿ ಇಂಥ ಪ್ರವಾಸಿಗಳು ಸೇರಿ ‘ಟಿನ್ ಕ್ಯಾನ್ ಟೂರಿಸ್ಟ್ಸ್’ ಎಂಬ ಸಂಘವನ್ನೇ ಕಟ್ಟಿಕೊಂಡರು. ಹೊರನಾಡಿಗೆ ಹೋದಲ್ಲೆಲ್ಲ ಸಂಘ ಕಟ್ಟುವ ಗುಣ ನಮ್ಮವರದು ಮಾತ್ರವಲ್ಲ ಎಂದಾಯಿತು! ಹೆನ್ರಿ ಫೋರ್ಡ್, ಥಾಮಸ್ ಎಡಿಸನ್, ಹಾರ್ವಿ ಫೈರ್‌ಸ್ಟೋನ್ ಮೊದಲಾದ ಶ್ರೀಮಂತ ಗೆಳೆಯರು ಆ ಕಾಲದಲ್ಲಿ ನಡೆಸಿದ ಪ್ರವಾಸಗಳಲ್ಲಿ ಎಡಿಸನ್ನನ ಬ್ಯಾಟರಿಗಳಿಂದ ಗುಡಾರಗಳಿಗೆ ವಿದ್ಯುದ್ದೀಪ ಹಾಕುತ್ತಿದ್ದರು. ಸಾಮಾನ್ಯ ಪ್ರವಾಸಿಗೆ ಆ ಭಾಗ್ಯವೆಲ್ಲಿ? ಆತ ಕಾರಿನ ಬ್ಯಾಟರಿಯನ್ನು ಮುಟ್ಟದೆ 1914ರಲ್ಲಿ ಬಂದ ಕೋಲ್‌ಮನ್ ಲಾಂದ್ರವನ್ನು ಹಚ್ಚಿಕೊಂಡ. ನಮ್ಮ ಮದುವೆ ಮೆರವಣಿಗೆಗಳಲ್ಲಿ ತಲೆಯ ಮೇಲೆ ಹೊತ್ತು ಸಾಗುತ್ತಿದ್ದ ಪೆಟ್ರೋಮ್ಯಾಕ್ಸಿಗೆ ಅದು ಹತ್ತಿರದ ಬಂಧು. ಎರಡಕ್ಕೂ ಪಂಪು ಹೊಡೆಯಬೇಕು, ಎರಡರಲ್ಲೂ ಬೆಳಗುವುದು ಬಟ್ಟೆಯಿಂದ ಮಾಡಿದ ಮ್ಯಾಂಟಲ್ಲೇ.

ಇನ್ನು ಪಾಪ್-ಅಪ್ ಕ್ಯಾಂಪರಿನ ಕಥೆ. ಎರಡನೆಯ ಮಹಾಯುದ್ಧದ ತುರ್ತಿಗಾಗಿ 1942ರಲ್ಲಿ ಸುಮಾರು ಎಂಟು ತಿಂಗಳಲ್ಲಿ ಅಲಾಸ್ಕಾ ಹೆದ್ದಾರಿಯನ್ನು ಕಡಿದರು. 1948ರಲ್ಲಿ ಅದು ಸಾರ್ವಜನಿಕರಿಗೆ ತೆರೆಯಿತು. ಕಲ್ಲು, ಕೆಸರು, ಗಾಳಿಯ ಈ ದೂರದ ದಾರಿಗೆ ಎತ್ತರದ ಮನೆಗಾಡಿ ಹೊಂದುತ್ತಿರಲಿಲ್ಲ. ಓಡುವಾಗ ತಗ್ಗಾಗಿ, ನಿಂತಾಗ ಎತ್ತರವಾಗುವ ಪೆಟ್ಟಿಗೆ ಬೇಕಿತ್ತು. 1950ರ ದಶಕದಲ್ಲಿ ಡಾನ್ ಹಾಲ್ ಎಂಬಾತ ರೂಪಿಸಿದ ‘ಅಲಾಸ್ಕನ್’ ಕ್ಯಾಂಪರಿನಲ್ಲಿ ಮೇಲಿನ ಅರ್ಧ ಕೆಳಗಿನ ಅರ್ಧದ ಮೇಲೆ ಡಬ್ಬಿಯ ಮುಚ್ಚಳದಂತೆ ಇಳಿಯುತ್ತಿತ್ತು. 1972ರಲ್ಲಿ ಆರಂಭವಾದ ‘ಫೋರ್ ವೀಲ್ ಕ್ಯಾಂಪರ್ಸ್’ ಕಂಪನಿ ಬಟ್ಟೆಯ ಗೋಡೆಯ ಹಗುರವಾದ ಮಾದರಿಯನ್ನು ಜನಪ್ರಿಯಗೊಳಿಸಿತು.

ಇಂಥ ಮನೆಗೆ ದೀಪ ಕೂರಿಸುವುದು ಮಾಮೂಲಿ ಮನೆಯಷ್ಟು ಸುಲಭವಲ್ಲ. ಚಾವಣಿ ದಿನಕ್ಕೆರಡು ಬಾರಿ ಏರಿಳಿಯುತ್ತದೆ. ಅದರ ಮೇಲೆ ದೀಪವಿಟ್ಟರೆ ತಂತಿಯೂ ಜೊತೆಗೇ ಏರಿಳಿಯಬೇಕು. ಎಳೆದು ಬಿಗಿದರೆ ತುಂಡಾಗುತ್ತದೆ, ಮಡಿಕೆಯಲ್ಲಿ ಸಿಕ್ಕಿದರೆ ನಜ್ಜುಗುಜ್ಜಾಗುತ್ತದೆ. ಚಾವಣಿಗೆ ಕೊರೆದ ಒಂದೊಂದು ತೂತೂ ಮಳೆನೀರಿಗೆ ಆಹ್ವಾನ. ಬಟ್ಟೆಯ ಪಕ್ಕದಲ್ಲಿ ಹಳೆಯ ಬಗೆಯ ಬಿಸಿ ಬಲ್ಬು ಇಡುವಂತಿಲ್ಲ. ಪಕ್ಕಕ್ಕೆ ಚಾಚಿಕೊಂಡ ದೀಪವನ್ನು ಕಾಡುದಾರಿಯ ಕೊಂಬೆಗಳು ಕಿತ್ತುಹಾಕುತ್ತವೆ. ಆದ್ದರಿಂದ ತಿಳಿದವರು ಕೆಳಗಿನ ಗಟ್ಟಿ ಗೋಡೆಯಲ್ಲಿ, ಬಾಗಿಲ ಮಗ್ಗುಲಲ್ಲಿ ದೀಪ ಕೂರಿಸುತ್ತಾರೆ. ತೂತಿಗೆ ನೀರು ಇಳಿಯದ ಅಂಟು ಹಾಕುತ್ತಾರೆ. ಬ್ಯಾಟರಿಯ ಹತ್ತಿರವೇ ಫ್ಯೂಸ್ ಇಡುತ್ತಾರೆ. ಚಾವಣಿಯ ಮೇಲೇ ಬೇಕೆಂದವರು ತಂತಿಯನ್ನು ಸುರುಳಿಯಾಗಿ ಸಡಿಲ ಬಿಡುತ್ತಾರೆ.

ಈ ನಡುವೆ ಹೊರದೀಪದ ಮೊದಲನೆಯ ಕೆಲಸವನ್ನು ಸರ್ಕಾರವೇ ವಹಿಸಿಕೊಂಡಿತು. ಕಡತಗಳ ನಡುವೆ ದಿನ ಕಳೆಯುವ ನಮ್ಮಂಥವರಿಗೆ ಇದು ಕುತೂಹಲದ ಅಧ್ಯಾಯ. ಅಮೆರಿಕದ ಕೇಂದ್ರ ಸರ್ಕಾರ 1966ರಲ್ಲಿ ವಾಹನ ಸುರಕ್ಷತೆಯ ಕಾಯಿದೆ ಮಾಡಿತು. ಅದರಡಿ 108ನೆಯ ನಂಬರಿನ ದೀಪಗಳ ನಿಯಮ 1968ರಿಂದ ಜಾರಿಗೆ ಬರತೊಡಗಿತು. ವಾಹನದ ಬದಿಯಲ್ಲಿ ಮುಂದಕ್ಕೆ ಕಿತ್ತಳೆ ಬೆರೆತ ಹಳದಿ, ಹಿಂದಕ್ಕೆ ಕೆಂಪು. 80 ಅಂಗುಲ ಅಥವಾ ಅದಕ್ಕೂ ಅಗಲವಾದ ಗಾಡಿಯಾದರೆ ಮೇಲಿನ ಅಂಚುಗಳಲ್ಲಿ ಮತ್ತಷ್ಟು ದೀಪ. ಬಣ್ಣಗಳಿಗೆ ಹೀಗೆ ಒಂದು ಭಾಷೆ ಬಂದಿತು. ಕತ್ತಲಲ್ಲಿ ಎದುರಾದವನು ಆ ಬಣ್ಣ ನೋಡಿಯೇ ಗಾಡಿಯ ತಲೆ ಯಾವುದು, ಬಾಲ ಯಾವುದು ಎಂದು ತಿಳಿಯಬಲ್ಲ. ತನಗಿಷ್ಟವೆಂದು ಮುಂದೆ ಕೆಂಪು ದೀಪ ಹಾಕುವವನು ಈ ಭಾಷೆಯಲ್ಲಿ ಸುಳ್ಳು ಹೇಳಿದಂತೆ. ಅದರಿಂದ ಜೀವಕ್ಕೇ ಅಪಾಯ.

ಎರಡನೆಯ ಕೆಲಸ, ಅಂದರೆ ಬಾಗಿಲ ದೀಪ, ಮನೆಯವರ ಪಾಲಿಗೇ ಉಳಿಯಿತು. ಇಲ್ಲಿ ಕಾಲೇಜಿನಲ್ಲಿ ಕಲಿತ ಭೌತಶಾಸ್ತ್ರವನ್ನು ಸ್ವಲ್ಪ ನೆನೆಯೋಣ. ಹಳೆಯ 18 ವ್ಯಾಟಿನ ಬಲ್ಬು 12 ವೋಲ್ಟಿನಲ್ಲಿ ಒಂದೂವರೆ ಆಂಪಿಯರ್ ಎಳೆಯುತ್ತದೆ. ಹತ್ತು ಗಂಟೆ ಉರಿದರೆ 15 ಆಂಪಿಯರ್-ಗಂಟೆ. 100 ಆಂಪಿಯರ್-ಗಂಟೆಯ ಸೀಸದ ಬ್ಯಾಟರಿಯಲ್ಲಿ ಅರ್ಧಕ್ಕಿಂತ ಹೆಚ್ಚು ಬಳಸಿದರೆ ಅದರ ಆಯುಸ್ಸು ಕುಂದುತ್ತದೆ. ಅಂದರೆ ಮೂರು ರಾತ್ರಿ ಬಾಗಿಲ ದೀಪ ಉರಿಸಿದರೆ ಬಳಸಬಹುದಾದ ಪಾಲು ಹೆಚ್ಚುಕಡಿಮೆ ಮುಗಿದಂತೆಯೇ. ಅದಕ್ಕಾಗಿಯೇ ಮನೆಯ ಬಳಕೆಗೆ ಎರಡನೆಯ ಬ್ಯಾಟರಿಯನ್ನಿಟ್ಟು, ಎಂಜಿನ್ನಿನ ಬ್ಯಾಟರಿಯಿಂದ ಅದನ್ನು ಪ್ರತ್ಯೇಕಿಸುವ ಕ್ರಮ ಬಂದಿತು. ಆ ಕಾಲದ ಪ್ರವಾಸಿ ದೀಪವನ್ನು ಬೇಕಾದಾಗ ಹಾಕಿ, ಕೆಲಸ ಮುಗಿದೊಡನೆ ತೆಗೆಯುತ್ತಿದ್ದ. ಬಡವರ ಮನೆಯಲ್ಲಿ ಸೀಮೆಎಣ್ಣೆ ಬಳಸುತ್ತಿದ್ದ ರೀತಿಯೇ ಅದು.

ಎಲ್‌ಇಡಿ ಬಂದು ಈ ಲೆಕ್ಕವನ್ನೇ ತಲೆಕೆಳಗು ಮಾಡಿತು. 1962ರಲ್ಲಿ ನಿಕ್ ಹಾಲೊನ್ಯಾಕ್ ಕಣ್ಣಿಗೆ ಕಾಣುವ ಕೆಂಪು ಬೆಳಕಿನ ಎಲ್‌ಇಡಿಯನ್ನು ಮಾಡಿ ತೋರಿಸಿದ್ದ. ಬಿಳಿ ಬೆಳಕಿಗೆ ಪ್ರಖರವಾದ ನೀಲಿ ಬೇಕಿತ್ತು. ಅದು ಜಪಾನಿನ ಅಕಸಾಕಿ, ಅಮಾನೊ ಮತ್ತು ನಕಾಮುರ ಅವರ ದುಡಿಮೆಯಿಂದ 1990ರ ದಶಕದಲ್ಲಿ ಕೈಗೂಡಿತು. 2014ರಲ್ಲಿ ಮೂವರಿಗೂ ನೊಬೆಲ್ ಬಹುಮಾನ ಸಂದಿತು. ಇಂದು ಹಳೆಯ 18 ವ್ಯಾಟಿನ ಬಲ್ಬಿನಷ್ಟು ಬೆಳಕನ್ನು 3 ವ್ಯಾಟಿನ ಎಲ್‌ಇಡಿ ಕೊಡಬಲ್ಲದು. ಹತ್ತು ಗಂಟೆಗೆ ಎರಡೂವರೆ ಆಂಪಿಯರ್-ಗಂಟೆ ಸಾಕು. ಬಿಸಿಯೂ ಕಡಿಮೆ, ಬಟ್ಟೆಗೂ ಭಯವಿಲ್ಲ.

ಬೆಳಕು ಅಗ್ಗವಾದೊಡನೆ ಸಂಕೋಚ ಹೋಯಿತು. ಒಂದು ದೀಪವಿದ್ದಲ್ಲಿ ನಾಲ್ಕು ಬಂದವು. ಚಾವಣಿಯ ನಾಲ್ಕೂ ಅಂಚಿಗೆ ಸಾಲುದೀಪಗಳು ಬಂದವು. ಒಬ್ಬರ ಬಾಗಿಲ ದೀಪ ಪಕ್ಕದ ಗುಡಾರದವರ ನಿದ್ದೆಗೆಡಿಸತೊಡಗಿತು. ಹಿಂದೆ ಬ್ಯಾಟರಿ ಹೇಳುತ್ತಿದ್ದ ‘ಸಾಕು’ ಎಂಬ ಮಾತನ್ನು ಈಗ ಮನುಷ್ಯನೇ ಹೇಳಬೇಕಾಗಿದೆ. ಈ ಅರಿವು ಅಮೆರಿಕಕ್ಕೆ ಹೊಸದಲ್ಲ. ಅರಿಜೋನಾದ ಫ್ಲಾಗ್‌ಸ್ಟಾಫ್ ಪಟ್ಟಣ ತನ್ನ ಖಗೋಳ ವೀಕ್ಷಣಾಲಯಕ್ಕಾಗಿ 1958ರಲ್ಲೇ ಆಕಾಶಕ್ಕೆ ಹಾಯುವ ಜಾಹೀರಾತು ದೀಪಗಳನ್ನು ನಿರ್ಬಂಧಿಸಿತ್ತು. 2007ರಲ್ಲಿ ಯೂಟಾ ರಾಜ್ಯದ ನ್ಯಾಚುರಲ್ ಬ್ರಿಜಸ್ ಕತ್ತಲ ಆಕಾಶದ ಮೊದಲ ಅಂತರರಾಷ್ಟ್ರೀಯ ಉದ್ಯಾನವೆಂದು ಮಾನ್ಯತೆ ಪಡೆಯಿತು. ಕ್ಷೀರಪಥವನ್ನು ಕಣ್ಣಾರೆ ಕಾಣಲೆಂದೇ ಜನ ಇಂಥ ಕಡೆ ಕ್ಯಾಂಪರುಗಳಲ್ಲಿ ಹೋಗುತ್ತಾರೆ; ಅಲ್ಲಿಗೆ ಹೋಗಿ ತಾವೇ ಹಗಲು ಮಾಡಿಕೊಂಡರೆ ಹೋದ ಪ್ರಯೋಜನವೇನು?

ಹೊಸದಾಗಿ ದೀಪ ಹಾಕಿಸುವವರಿಗೆ ಈ ಚರಿತ್ರೆಯಿಂದ ಸಿಗುವ ಉಪದೇಶ ಸರಳ. ಬೆಳಕು ನೆಲಕ್ಕೆ ಬೀಳಲಿ, ಆಕಾಶಕ್ಕಲ್ಲ, ದೀಪಕ್ಕೆ ಮೇಲುಮುಚ್ಚಳವಿರಲಿ. ಮೆಟ್ಟಿಲಿಗೆ ಚಿಕ್ಕದೊಂದು ಬೇರೆ ಇರಲಿ. ಬಣ್ಣ ಹಳದಿಯತ್ತ ವಾಲಿರಲಿ. ನೀಲಿ ಬೆರೆತ ಬಿಳಿಗಿಂತ ಅದಕ್ಕೆ ಹುಳುಹುಪ್ಪಟೆ ಕಡಿಮೆ ಮುತ್ತುತ್ತವೆ. ಗುಂಡಿ ಬಾಗಿಲ ಒಳಗೆ, ಕೈಗೆಟಕುವಲ್ಲಿರಲಿ. ಗಾಡಿ ಹೊರಡುವ ಮೊದಲು ಬಾಗಿಲ ದೀಪ ತೆಗೆದಿದೆಯೆ ಎಂದು ನೋಡುವ ಅಭ್ಯಾಸವಿರಲಿ.

ನಮ್ಮ ಮನೆಗಳಲ್ಲಿ ಹಿರಿಯರು ‘ದೀಪ ಆರಿಸು’ ಎನ್ನುತ್ತಿರಲಿಲ್ಲ. ‘ದೀಪ ಶಾಂತ ಮಾಡು’ ಎನ್ನುತ್ತಿದ್ದರು. ದೂರದ ಬಯಲಿನಲ್ಲಿ ತಂಗಿರುವ ನಮ್ಮ ಮಕ್ಕಳಿಗೆ ಈ ಮಾತೊಂದನ್ನು ಫೋನಿನಲ್ಲಿ ನೆನಪಿಸೋಣ. ಊಟ ಮುಗಿದು, ಪಾತ್ರೆ ತೊಳೆದು, ಮಕ್ಕಳು ಒಳಗೆ ಸೇರಿದ ಮೇಲೆ ಆ ಪುಟ್ಟ ಹೊರದೀಪವನ್ನೂ ಶಾಂತ ಮಾಡಿ ಒಂದು ಗಳಿಗೆ ಹೊರಗೆ ನಿಲ್ಲಲಿ. ನಮ್ಮ ಈ ಮಹಾನಗರದಲ್ಲಿ ನಮಗೆ ಕಾಣದ ನಕ್ಷತ್ರಗಳು ಅವರಿಗಾದರೂ ಕಾಣಲಿ.